ಬುಧವಾರದ ಗೆರೆ

"ಆಂಟೀ, ನಿಲ್ಸಿ! ನಿಲ್ಸಿ ಆಂಟೀ!"

ಹಿಂದಿನ ಸೀಟಿನಿಂದ ರೇಡಿಯೋ ಕಿರುಚಿದ ರಭಸಕ್ಕೆ, ಹಿಂದಕ್ಕೆ ಬರುತ್ತಿದ್ದ ಸ್ಕೂಲ್ ವ್ಯಾನು ಗಕ್ಕನೆ ನಿಂತಿತು. ಬ್ಯಾಗುಗಳು ಕೆಳಗೆ ಉರುಳಿದವು.

ರೇಡಿಯೋ ಅಂದರೆ ಮೆಣಸು ಅನ್ನುವ ಹುಡುಗಿಯ ಪಕ್ಕದ ಮನೆಯವನು, ಆರನೇ ಕ್ಲಾಸು. ಅವನ ಬಾಯಿಗೆ ಆಫ್ ಸ್ವಿಚ್ ಇಲ್ಲ ಅಂತ ಎಲ್ಲರೂ ಸೇರಿ ಇಟ್ಟ ಹೆಸರು ಅದು. ಅವತ್ತು ಮಾತ್ರ ಅವನು ಬಾಯಿ ಬಿಟ್ಟಿದ್ದೇ ಪುಣ್ಯವಾಯಿತು.

ವ್ಯಾನಿನ ಹಿಂದೆ, ಎರಡೇ ಗೇಣು ದೂರದಲ್ಲಿ, ಪುಟಾಣಿ ಬುಗುರಿಯ ಅಜ್ಜಿ ಬಗ್ಗಿ ನಿಂತಿದ್ದರು. ಮೊಮ್ಮಗನ ಕೈಯಿಂದ ಜಾರಿ ಬಿದ್ದ ನೀರಿನ ಬಾಟಲಿಯನ್ನು ಎತ್ತಿಕೊಳ್ಳುತ್ತಿದ್ದರು. ಅವರಿಗೆ ಕಿವಿ ಸ್ವಲ್ಪ ಮಂದ. ವ್ಯಾನು ಹಿಂದಕ್ಕೆ ಬಂದದ್ದೂ ಗೊತ್ತಿಲ್ಲ, ನಿಂತದ್ದೂ ಗೊತ್ತಿಲ್ಲ.

"ತಗೋ ಮಗಳೇ, ಇವನ ಬಾಟ್ಲಿ," ಎಂದು ನಗುತ್ತಾ ಕಿಟಕಿಯಲ್ಲಿ ಕೊಟ್ಟರು.

ಮೆಣಸು ಅದನ್ನು ಇಸಿದುಕೊಂಡು ಮುಂದೆ ನೋಡಿದಳು. ವ್ಯಾನು ಓಡಿಸುತ್ತಿದ್ದವರು ಅವಳ ಅಮ್ಮ. ಅಮ್ಮ ಹ್ಯಾಂಡ್‌ಬ್ರೇಕ್ ಎಳೆದು ಹಿಂದಕ್ಕೆ ತಿರುಗಿ ನೋಡುತ್ತಿದ್ದರು. ಕನ್ನಡಿಯ ಪಕ್ಕದ ಪುಟ್ಟ ಸ್ಕ್ರೀನಿನಲ್ಲಿ ಅಜ್ಜಿಯೂ ಕಾಣುತ್ತಿರಲಿಲ್ಲ, ಗೇಟೂ ಕಾಣುತ್ತಿರಲಿಲ್ಲ. ಬರೀ ಗೆರೆ. ಕೆಳಗಿನಿಂದ ಮೇಲಕ್ಕೆ ಸರಸರ ಹರಿಯುವ ಬಿಳಿ ಗೆರೆಗಳು.

ಹಾಳಾದ ಈ ಗೆರೆ ಶುರುವಾಗಿ ಎರಡು ವಾರ ಆಗಿತ್ತು. ಬುಗುರಿಯ ಮನೆ ಇರುವುದು ಮುಂದೆ ದಾರಿಯಿಲ್ಲದ ಸಂದಿಯಲ್ಲಿ. ವ್ಯಾನು ನೆಟ್ಟಗೆ ಒಳಗೆ ಹೋದರೆ ಹಿಮ್ಮುಖವಾಗಿಯೇ ಹೊರಗೆ ಬರಬೇಕು. ಹಿಂದೆ ಏನಿದೆ ಅಂತ ತೋರಿಸಲಿಕ್ಕೆಂದೇ ಕ್ಯಾಮೆರಾ ಇದ್ದದ್ದು. ರಿವರ್ಸ್ ಗೇರ್ ಹಾಕಿದರೆ ಅದು ತಾನಾಗಿ ಕಣ್ಣು ಬಿಡುತ್ತಿತ್ತು. ಈಗ ಕಣ್ಣಿಗೆ ಪೊರೆ ಬಂದ ಹಾಗೆ ಆಗಿತ್ತು.

ಸ್ಕೂಲು ಮುಟ್ಟಿ ಎಲ್ಲರೂ ಇಳಿಯುವಷ್ಟರಲ್ಲಿ ರೇಡಿಯೋ ತನ್ನ ಕೆಲಸ ಮುಗಿಸಿದ್ದ. ಗೇಟಿನಲ್ಲಿ ನಿಂತಿದ್ದ ಹೆಡ್ ಮಿಸ್‌ಗೆ ಸುದ್ದಿ ಮುಟ್ಟಿತ್ತು. ಅವರು ಅಮ್ಮನನ್ನು ಪಕ್ಕಕ್ಕೆ ಕರೆದು ಮೆಲ್ಲಗೇ ಮಾತಾಡಿದರು. ಆದರೂ ಮೆಣಸಿಗೆ ಕೇಳಿಸಿತು.

"ನಿಮ್ಮ ಮೇಲೆ ನನಗೆ ನಂಬಿಕೆ ಇದೆಯಮ್ಮ. ಆದ್ರೆ ಮಕ್ಕಳ ವಿಷಯ. ಮುಂದಿನ ಸೋಮವಾರ ನಾನೇ ಬಂದು ಕ್ಯಾಮೆರಾ ನೋಡ್ತೀನಿ. ಸರಿಯಿಲ್ಲ ಅಂದ್ರೆ ಮಕ್ಕಳನ್ನ ಬೇರೆ ವ್ಯಾನಿಗೆ ಕಳಿಸಬೇಕಾಗುತ್ತೆ."

ಅಮ್ಮ ತಲೆ ಆಡಿಸಿದರು.

ಸಂಜೆ ಮಕ್ಕಳನ್ನೆಲ್ಲ ಇಳಿಸಿದ ಮೇಲೆ ಅಮ್ಮ, ಮೆಣಸು ಇಬ್ಬರೂ ವೈರ್ ಅಜ್ಜನ ಶೆಡ್ಡಿಗೆ ಹೋದರು.

ಆ ಶೆಡ್ಡಿನಲ್ಲಿ ಗೋಡೆ ಕಾಣುವುದಿಲ್ಲ, ಬರೀ ವೈರು. ಕೆಂಪು, ಕಪ್ಪು, ಹಳದಿ, ಹಸಿರು ವೈರುಗಳು ಸುರುಳಿ ಸುರುಳಿಯಾಗಿ ಮೊಳೆಗಳಲ್ಲಿ ನೇತಾಡುತ್ತವೆ. ನಡುವೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಅಜ್ಜ. ಊರಿನ ಅರ್ಧ ವಾಹನಗಳ ಹೊಟ್ಟೆಯೊಳಗೆ ಯಾವ ವೈರು ಎಲ್ಲಿ ಹೋಗುತ್ತದೆ ಅಂತ ಅವರಿಗೆ ಬಾಯಿಪಾಠ.

"ಯಜಮಾನ್ರೇ, ಗೆರೆ ಬರ್ತಾ ಇದೆ," ಎಂದರು ಅಮ್ಮ. "ನನ್ನ ತಮ್ಮ ನೋಡಿ, ಕ್ಯಾಮೆರಾನೇ ಸತ್ತಿದೆ ಅಂದ."

"ನಿನ್ನ ತಮ್ಮ ಡಾಕ್ಟರೋ? ಗೇರ್ ಹಾಕು, ನೋಡೋಣ."

ಅಮ್ಮ ಎಂಜಿನ್ ಶುರುಮಾಡಿ ರಿವರ್ಸ್ ಹಾಕಿದರು. ಸ್ಕ್ರೀನ್ ಬೆಳಗಿತು. ತೊಳೆದಿಟ್ಟ ಗಾಜಿನ ಹಾಗೆ ಸ್ವಚ್ಛ! ಶೆಡ್ಡಿನ ಬಾಗಿಲಲ್ಲಿ ಮಲಗಿದ್ದ ಬೆಕ್ಕಿನ ಮೀಸೆ ಕೂಡ ಕಾಣಿಸಿತು.

"ಅಯ್ಯೋ, ಬೆಳಿಗ್ಗೆ ಇತ್ತು ಯಜಮಾನ್ರೇ! ದೇವರಾಣೆ ಇತ್ತು!"

ಅಜ್ಜ ನಕ್ಕರು. "ಇದೂ ಮಕ್ಕಳ ಹೊಟ್ಟೆನೋವಿನ ಹಾಗೇ ಇದೆ. ಸ್ಕೂಲಿನ ಟೈಮಲ್ಲಿ ಬರುತ್ತೆ, ಡಾಕ್ಟರ್ ಮುಂದೆ ಇರಲ್ಲ. ಸರಿ, ಯಾವಾಗ ಬರುತ್ತೆ?"

"ಯಾವಾಗಲೂ ಬರುತ್ತೆ."

"ಈಗ ಬರಲಿಲ್ವಲ್ಲ. ಹಾಗಾದ್ರೆ ಯಾವಾಗಲೂ ಅಲ್ಲ." ಅಜ್ಜ ಮೆಣಸಿನ ಕಡೆ ತಿರುಗಿದರು. "ಏನಮ್ಮ, ನಿನ್ನ ಹೆಸರೇನು?"

"ಮನೇಲಿ ಮೆಣಸು ಅಂತಾರೆ."

"ಗಾತ್ರ ಕಿರಿದು, ಖಾರ ಹಿರಿದು ಅಂತ ಇರಬೇಕು. ನಿನಗೊಂದು ಕೆಲಸ. ಒಂದು ನೋಟ್‌ಬುಕ್ ಇಟ್ಕೋ. ಅಮ್ಮ ರಿವರ್ಸ್ ಹಾಕಿದಾಗೆಲ್ಲ ಗೆರೆ ಇದೆಯೋ ಇಲ್ವೋ, ಆಗ ವ್ಯಾನಲ್ಲಿ ಏನೇನು ಆನ್ ಆಗಿತ್ತು, ಎಲ್ಲ ಬರಿ. ನಾಳೆಯಿಂದ ಶುಕ್ರವಾರದ ತನಕ. ಶನಿವಾರ ತಗೊಂಡು ಬಾ."

"ನಾನು ಬರೆದ್ರೆ ಸಾಕಾ ಅಜ್ಜಾ?"

"ನಿನ್ನ ಕಣ್ಣು ಚುರುಕಾಗಿದೆ, ಸಾಕು. ಕಂಡಿದ್ದನ್ನ ಕಂಡ ಹಾಗೆ ಬರಿ. ಅದಕ್ಕಿಂತ ದೊಡ್ಡ ಟೂಲ್ ನನ್ನ ಹತ್ರಾನೂ ಇಲ್ಲ."

ಮೆಣಸು ಎರಡಿಂಚು ಎತ್ತರವಾದ ಹಾಗೆ ಮನೆಗೆ ಬಂದಳು. ಅವತ್ತೇ ನೋಟ್‌ಬುಕ್ಕಿನಲ್ಲಿ ಸ್ಕೇಲು ಇಟ್ಟು ಚೌಕ ಮನೆಗಳನ್ನು ಎಳೆದಳು. ವಾರ, ಹೊತ್ತು, ಹೆಡ್‌ಲೈಟು, ವೈಪರು, ಹಾಡು, ಅಮ್ಮನ ಫೋನ್ ಚಾರ್ಜರ್. ಕೊನೆಯ ಮನೆಯ ಮೇಲೆ ದಪ್ಪಗೆ ಬರೆದಳು: ಗೆರೆ.

ಮಂಗಳವಾರ ಬೆಳಿಗ್ಗೆ ಗೆರೆ ಇತ್ತು. ಸಂಜೆ ಇರಲಿಲ್ಲ.

"ಬೆಳಿಗ್ಗೆ ಚಳಿ ಇರುತ್ತಲ್ಲ," ಎಂದ ರೇಡಿಯೋ. "ಕ್ಯಾಮೆರಾ ನಡುಗುತ್ತೆ. ಅದಕ್ಕೇ ಗೆರೆ."

"ನೀನು ಸುಮ್ನಿರು. ನಿನಗೆ ಚಳಿಯಾದ್ರೆ ಮೈಮೇಲೆ ಗೆರೆ ಬರುತ್ತಾ?"

"ಜುಮ್ ಅನ್ನುತ್ತಲ್ಲ, ಅದು ಗೆರೆ ತಾನೇ?"

ಅವನ ಜೊತೆ ವಾದ ಮಾಡಿ ಗೆದ್ದವರಿಲ್ಲ. ಮೆಣಸು ತನ್ನ ಪಾಡಿಗೆ ತಾನು ಬರೆದುಕೊಂಡಳು.

ಅವಳು ಕೂರುವುದು ಕೊನೆಯ ಸೀಟಿನಲ್ಲಿ, ಬುಗುರಿಯ ಪಕ್ಕ. ಬುಗುರಿ ಯು.ಕೆ.ಜಿ.ಯ ಪುಟಾಣಿ. ವ್ಯಾನು ಹತ್ತಿದರೆ ಅವನಿಗೆ ತಲೆ ಗಿರ್ರನೆ ತಿರುಗುತ್ತಿತ್ತು. ಮೊದಲೆಲ್ಲ ದಿನಾ ವಾಂತಿ. ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಿದ್ದರು. ಅವನು ಅಳುತ್ತಿದ್ದ. ಇನ್ನು ಸ್ಕೂಲಿಗೇ ಹೋಗುವುದಿಲ್ಲ ಅಂತ ಅಜ್ಜಿಯ ಸೆರಗು ಹಿಡಿದು ಹಟ ಮಾಡಿದ್ದ.

ಆಗ ಮೆಣಸು ತನ್ನ ಓದುವ ಮೇಜಿನ ಪುಟ್ಟ ನೀಲಿ ಫ್ಯಾನನ್ನು ತಂದಿದ್ದಳು. ಅದು ಅವಳಿಗೆ ಬಹಳ ಇಷ್ಟದ ಫ್ಯಾನು. ಅಮ್ಮನ ತಮ್ಮ, ಅಂದರೆ ಮಾವ, ಅದನ್ನು ಬುಗುರಿಯ ತಲೆಯ ಹತ್ತಿರ ಸ್ಕ್ರೂ ಹಾಕಿ ಕೂರಿಸಿದ್ದರು. ಅಂದಿನಿಂದ ಬುಗುರಿಗೆ ಒಂದು ದಿನವೂ ವಾಂತಿ ಇಲ್ಲ. ಸೀಟಿಗೆ ಕೂತ ಕೂಡಲೇ, "ಅಕ್ಕಾ, ಗಾಳಿ!" ಅನ್ನುತ್ತಾನೆ. ಮೆಣಸು ಟಕ್ ಅಂತ ಸ್ವಿಚ್ ಒತ್ತುತ್ತಾಳೆ. ಅವನು ಕಣ್ಣು ಮುಚ್ಚಿ ನಗುತ್ತಾನೆ. ಮಧ್ಯಾಹ್ನವೇ ಅವನ ಕ್ಲಾಸು ಮುಗಿಯುವುದರಿಂದ ಅಜ್ಜಿ ಬಂದು ನಡೆಸಿಕೊಂಡು ಹೋಗುತ್ತಾರೆ. ಸಂಜೆ ಆ ಸೀಟು ಖಾಲಿ.

ಬುಧವಾರ ಬೆಳಿಗ್ಗೆ ಸಂದಿಗೆ ಹೋದರೆ ಅಜ್ಜಿ ಒಬ್ಬರೇ ನಿಂತಿದ್ದರು. "ಅವನಿಗೆ ಸ್ವಲ್ಪ ಜ್ವರ. ಇವತ್ತು ಬರಲ್ಲ ಮಗಳೇ."

ಅಮ್ಮ ರಿವರ್ಸ್ ಹಾಕಿದರು. ಸ್ಕ್ರೀನು ಸ್ವಚ್ಛ! ಕೈ ಬೀಸುತ್ತಾ ನಿಂತ ಅಜ್ಜಿಯ ಬಳೆ ಎಣಿಸಬಹುದಿತ್ತು.

"ಹೋಯ್ತಲ್ಲೇ ಮೆಣಸು! ತಾನಾಗೇ ಸರಿಹೋಯ್ತು!" ಅಮ್ಮನ ದನಿ ಹಾಡಿನ ಹಾಗಿತ್ತು.

ಮೆಣಸು ಖುಷಿಯಿಂದ ಬರೆದಳು: ಬುಧವಾರ ಬೆಳಿಗ್ಗೆ, ಇಲ್ಲ.

ಗುರುವಾರ ಬುಗುರಿ ಬಂದ. "ಅಕ್ಕಾ, ಗಾಳಿ!" ಟಕ್. ಅಮ್ಮ ರಿವರ್ಸ್ ಹಾಕಿದರು.

"ಥೂ, ಮತ್ತೆ ಬಂತು!" ಅಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದೆ ನೋಡತೊಡಗಿದರು.

ಮೆಣಸು ಕತ್ತು ಉದ್ದ ಮಾಡಿ ನೋಡಿದಳು. ಸರಸರ ಗೆರೆ. ಅವಳ ಬೆರಳು ಇನ್ನೂ ಸ್ವಿಚ್ಚಿನ ಮೇಲೇ ಇತ್ತು. ಯಾಕೋ ಏನೋ, ಟಕ್ ಅಂತ ಆಫ್ ಮಾಡಿದಳು.

ಗೆರೆ ಮಾಯ.

ಆನ್ ಮಾಡಿದಳು. ಗೆರೆ.

ಮನೆ ಎಳೆದು ಎಲ್ಲವನ್ನೂ ಬರೆದಿದ್ದಳು. ಫ್ಯಾನಿಗೆ ಮಾತ್ರ ಒಂದು ಮನೆ ಇರಲಿಲ್ಲ. ತನ್ನದೇ ಫ್ಯಾನು ಅಂತ ಅನುಮಾನವೇ ಬಂದಿರಲಿಲ್ಲ.

ಬುಗುರಿ ಅವಳ ತೋಳಿಗೆ ತಲೆ ಆನಿಸಿ ಕೂತಿದ್ದ. ಜ್ವರ ಬಿಟ್ಟ ಮುಖ, ಸಣ್ಣಗಾಗಿತ್ತು. "ಗಾಳಿ ಚೆನ್ನಾಗಿದೆ ಅಕ್ಕಾ," ಅಂದ.

ಫ್ಯಾನಿಂದ ಗೆರೆ ಅಂದರೆ ಫ್ಯಾನು ಕಿತ್ತುಹಾಕುತ್ತಾರೆ. ಫ್ಯಾನು ಕಿತ್ತರೆ ಮತ್ತೆ ವಾಂತಿ. ಮತ್ತೆ ಮೂಗು ಮುಚ್ಚಿಕೊಳ್ಳುವ ಮಕ್ಕಳು, ಮತ್ತೆ ಅಜ್ಜಿಯ ಸೆರಗು.

ಅವತ್ತು ಮನೆಗೆ ಬಂದು ಮೆಣಸು ರಬ್ಬರ್ ತೆಗೆದುಕೊಂಡಳು. ಬುಧವಾರ ಮಾತ್ರ ಯಾಕಿಲ್ಲ ಅಂತ ಅಜ್ಜ ಕೇಳಿದರೆ ಫ್ಯಾನಿನ ಗುಟ್ಟು ಹೊರಬೀಳುತ್ತದೆ. ಬುಧವಾರದ 'ಇಲ್ಲ' ಅಳಿಸಿದಳು. ಪೆನ್ಸಿಲಿನಲ್ಲಿ ಒತ್ತಿ 'ಇದೆ' ಅಂತ ಬರೆದಳು. ಹಾಳೆಯ ಆ ಜಾಗ ಸವೆದು ತೆಳ್ಳಗಾಯಿತು. ವೈರ್ ಅಜ್ಜ ಅಷ್ಟು ಜಾಣರು, ಬೇರೆ ಏನಾದರೂ ದಾರಿ ಹುಡುಕಿ ಸರಿಮಾಡುತ್ತಾರೆ ಅಂದುಕೊಂಡಳು. ಆದರೂ ನೋಟ್‌ಬುಕ್ಕನ್ನು ಅಮ್ಮನಿಗೆ ಕಾಣದ ಹಾಗೆ ಬ್ಯಾಗಿನ ತಳಕ್ಕೆ ತಳ್ಳಿದಳು.

ಶನಿವಾರ ಶೆಡ್ಡಿನ ಮುಂದೆ ವ್ಯಾನು ನಿಂತಿತು. ಅಜ್ಜ ಕೈ ಒರೆಸಿಕೊಂಡು ಸ್ಟೂಲಿನ ಮೇಲೆ ಕೂತರು. ಕನ್ನಡಕ ಹಣೆಯ ಮೇಲೆ ಕೂತಿತ್ತು.

ಮೆಣಸು ನೋಟ್‌ಬುಕ್ ಚಾಚಿದಳು. ಅಜ್ಜ ಎರಡೂ ಕೈಯಲ್ಲಿ ತೆಗೆದುಕೊಂಡು ಹಾಳೆಯನ್ನು ಒಂದು ಸಲ ಸವರಿದರು. ಮತ್ತೆ ಅವಳಿಗೇ ಕೊಟ್ಟರು.

"ನೀನೇ ಓದು ಮಗಳೇ. ನಿನ್ನ ಬಾಯಲ್ಲೇ ಕೇಳೋಣ."

ಅವರು ಕಣ್ಣು ಮುಚ್ಚಿ ಕೂತರು. ಮೆಣಸು ಓದಿದಳು. "ಮಂಗಳವಾರ ಬೆಳಿಗ್ಗೆ, ಇದೆ. ಮಂಗಳವಾರ ಸಂಜೆ, ಇಲ್ಲ. ಬುಧವಾರ ಬೆಳಿಗ್ಗೆ..." ಅಮ್ಮನ ಕಡೆ ಒಮ್ಮೆ ನೋಡಿದಳು. "ಇದೆ."

ಅಮ್ಮ ವ್ಯಾನಿನ ಬಾಗಿಲಲ್ಲಿ ಹೆಡ್ ಮಿಸ್ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು. ಅವರಿಗೆ ಕೇಳಿಸಲಿಲ್ಲ.

ಎಲ್ಲ ಮುಗಿದ ಮೇಲೆ ಅಜ್ಜ ಕಣ್ಣು ತೆರೆದರು. "ಎಲ್ಲ ಬೆಳಿಗ್ಗೇನೂ ಇದೆ. ಯಾವ ಸಂಜೆನೂ ಇಲ್ಲ. ಅಂದ್ರೆ ಇದು ತಂಪಿಗೆ ಬರೋ ರೋಗ. ಎಲ್ಲೋ ಒಂದು ಜಾಯಿಂಟ್ ಸಡಿಲ ಆಗಿದೆ. ಬೆಳಗಿನ ತಂಪಿಗೆ ಬಿಟ್ಕೊಳ್ಳುತ್ತೆ, ಬಿಸಿಲು ಏರಿದ್ರೆ ಕೂಡ್ಕೊಳ್ಳುತ್ತೆ." ನಿಟ್ಟುಸಿರು ಬಿಟ್ಟರು. "ಮುಂದಿನಿಂದ ಹಿಂದಿನ ತನಕ ಎಲ್ಲ ಬಿಚ್ಚಿ ನೋಡ್ಬೇಕು. ಮೂರು ದಿನ ಬೇಕು ತಾಯಿ."

ಫೋನು ಇಟ್ಟು ಬಂದ ಅಮ್ಮನ ಮುಖ ಬಾಡಿತು. "ಸೋಮವಾರಕ್ಕೆ ಬೇಕಲ್ಲ ಯಜಮಾನ್ರೇ."

"ಕೈಲಾದಷ್ಟು ಮಾಡ್ತೀನಿ. ಈಗಲೇ ಶುರು ಮಾಡ್ತೀನಿ."

ಅಜ್ಜ ಮೊಣಕಾಲು ಹಿಡಿದುಕೊಂಡು, "ಅಮ್ಮಾ" ಅಂತ ನರಳುತ್ತಾ, ವ್ಯಾನಿನೊಳಗೆ ಬಗ್ಗಿದರು. ಒಂದು ಸ್ಕ್ರೂ. ಎರಡು ಸ್ಕ್ರೂ. ಬಿಚ್ಚಿದ್ದನ್ನೆಲ್ಲ ಒಂದು ತಟ್ಟೆಯಲ್ಲಿ ಸಾಲಾಗಿ ಇಡುತ್ತಾ ಹೋದರು. ಟಣ್. ಟಣ್. ಒಂದೊಂದು ಸ್ಕ್ರೂವನ್ನೂ ಮೆಣಸು ಎಣಿಸುತ್ತಿದ್ದಳು. ಹತ್ತಾಯಿತು. ಹನ್ನೆರಡಾಯಿತು. ಅಜ್ಜನ ಅಂಗಿಯ ಬೆನ್ನು ಬೆವರಿಗೆ ಒದ್ದೆಯಾಯಿತು. ಅವರು ಒಂದು ಸಲವೂ, "ನಿಜಾನಾ?" ಅಂತ ಕೇಳಿರಲಿಲ್ಲ.

"ಅಜ್ಜಾ."

"ಹೂಂ."

"ಬುಧವಾರ ಇರಲಿಲ್ಲ."

ಸ್ಕ್ರೂಡ್ರೈವರ್ ನಿಂತಿತು. "ಏನಿರಲಿಲ್ಲ?"

"ಗೆರೆ. ಬುಧವಾರ ಬೆಳಿಗ್ಗೆ ಗೆರೆ ಇರಲಿಲ್ಲ. ನಾನೇ ಅಳಿಸಿ 'ಇದೆ' ಅಂತ ಬರೆದೆ."

"ಏನೇ ಇದು!" ಅಮ್ಮನ ಕಣ್ಣು ದೊಡ್ಡದಾಯಿತು. "ಹೌದಲ್ಲ, ಬುಧವಾರ ಇರಲಿಲ್ಲ! ನಾನೇ ನೋಡಿದ್ನಲ್ಲ! ನಿನಗೇನು ಬಂತೇ?"

ಮೆಣಸಿನ ಗಲ್ಲದ ಮೇಲೆ ನೀರು ಇಳಿಯಿತು. "ನನ್ನ ಫ್ಯಾನಿಂದ ಬರೋದು ಅಮ್ಮಾ. ಬುಧವಾರ ಬುಗುರಿ ಬಂದಿರಲಿಲ್ಲ, ಫ್ಯಾನ್ ಹಾಕಿರಲಿಲ್ಲ. ಹೇಳಿದ್ರೆ ನೀವು ಫ್ಯಾನ್ ಕಿತ್ತಾಕ್ತೀರ. ಅವನು ಸ್ಕೂಲಿಗೇ ಬರಲ್ಲ."

ಅಮ್ಮ ಏನೋ ಹೇಳಲು ಬಾಯಿ ತೆರೆದರು. ಅಜ್ಜ ಕೈ ಎತ್ತಿ ತಡೆದರು. ತಟ್ಟೆಯಲ್ಲಿದ್ದ ಸ್ಕ್ರೂಗಳನ್ನು ನೋಡಿದರು, ಮೆಣಸನ್ನು ನೋಡಿದರು.

"ಹನ್ನೆರಡನೇ ಸ್ಕ್ರೂಗೇ ಹೇಳಿದೆ. ಒಳ್ಳೇದಾಯ್ತು. ಒಟ್ಟು ನೂರಾ ಐದಿದೆ." ಅವರ ಮೀಸೆಯ ಕೆಳಗೆ ನಗು ಮೂಡಿತು. "ಆ ಫ್ಯಾನ್ ತೋರ್ಸು."

ಅಜ್ಜ ಫ್ಯಾನಿನ ವೈರು ಹಿಡಿದು ಬೆರಳಲ್ಲೇ ದಾರಿ ಹುಡುಕುತ್ತಾ ಹಿಂದಕ್ಕೆ ಹೋದರು. ಹಿಂಬಾಗಿಲಿನ ಹತ್ತಿರ ಒಂದು ಮುಚ್ಚಳ ಕಳಚಿದರು. ಒಳಗೆ ತೋಳಿನಷ್ಟು ದಪ್ಪನೆಯ ಕಪ್ಪು ಟೇಪಿನ ಗಂಟು.

"ಇದ್ಯಾವ ಮಹಾನುಭಾವನ ಕೆಲಸ?"

"ನನ್ನ ತಮ್ಮಂದು," ಎಂದರು ಅಮ್ಮ ಮೆಲ್ಲಗೆ.

"ಗಾಯ ಇಲ್ಲದೇ ಇದ್ರೂ ಬ್ಯಾಂಡೇಜ್ ಸುತ್ತೋ ಡಾಕ್ಟರು ಅವನು." ಅಜ್ಜ ಟೇಪು ಬಿಚ್ಚಿದರು. ಬಿಚ್ಚಿದರು, ಬಿಚ್ಚಿದರು, ಮುಗಿಯಲೇ ಇಲ್ಲ. ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಒಳಗೆ ಫ್ಯಾನಿನ ವೈರು, ಕ್ಯಾಮೆರಾದ ವೈರು ಎರಡೂ ಜಡೆಯ ಹಾಗೆ ಹೆಣೆದುಕೊಂಡಿದ್ದವು. ಎರಡರ ಅರ್ತ್ ವೈರನ್ನೂ ವ್ಯಾನಿನ ಮೈಗೆ ಒಂದೇ ಸ್ಕ್ರೂನಲ್ಲಿ ಸಿಕ್ಕಿಸಿದ್ದರು.

"ನೋಡು ಮಗಳೇ," ಅಂದರು ಅಜ್ಜ. "ಈ ಸಣ್ಣ ವೈರಲ್ಲಿ ಚಿತ್ರ ಹೋಗುತ್ತೆ. ಅದು ಬಹಳ ಮೆತ್ತಗೆ ಮಾತಾಡುತ್ತೆ. ಫ್ಯಾನಿನ ಮೋಟರ್ ಒಳಗೆ ಸಣ್ಣ ಸಣ್ಣ ಕಿಡಿ ಹಾರುತ್ತೆ, ಅದರದ್ದು ಗಲಾಟೆ. ಎರಡನ್ನೂ ಒಂದೇ ಬೆಂಚಲ್ಲಿ ಕೂರಿಸಿದ್ದಾನೆ ನಿಮ್ಮ ಮಾವ."

"ಟೀಚರ್ ಪಾಠ ಮಾಡುವಾಗ ಪಕ್ಕದಲ್ಲಿ ರೇಡಿಯೋ ಕೂತ ಹಾಗೆ!" ಅಂದಳು ಮೆಣಸು.

"ಅದ್ಯಾವ ರೇಡಿಯೋನೋ. ಆದ್ರೆ ಸರಿಯಾಗಿ ಹೇಳಿದೆ. ಮಾತಾಡೋ ಹುಡುಗನ್ನ ಸ್ಕೂಲಿಂದ ಓಡಿಸ್ತಾರಾ? ಬೆಂಚು ಬದಲಾಯಿಸ್ತಾರೆ, ಅಷ್ಟೇ."

ಮೆಣಸು ಮೂಗು ಒರೆಸಿಕೊಂಡಳು. "ಅಂದ್ರೆ ಫ್ಯಾನ್ ಕೀಳಲ್ವಾ?"

"ಯಾಕೆ ಕೀಳ್ಬೇಕು? ಮಗು ತಂಪಾಗಿ ಬರ್ತಾ ಇದೆಯಲ್ಲ."

ಅಜ್ಜ ಕೆಲಸ ಶುರುಮಾಡಿದರು. ಕ್ಯಾಮೆರಾದ ವೈರನ್ನು ಬಲಗಡೆಯೇ ಬಿಟ್ಟರು. ಫ್ಯಾನಿಗೆ ಹೊಸ ವೈರು ತೆಗೆದುಕೊಂಡು ಎಡಗಡೆಯಿಂದ ಎಳೆದರು. ಬೇರೆ ಜಾಗದಲ್ಲಿ ವ್ಯಾನಿನ ಬಣ್ಣ ಕೆರೆದು, ಲೋಹ ಹೊಳೆಯುವಂತೆ ಮಾಡಿ, ಫ್ಯಾನಿನ ಅರ್ತ್‌ಗೆ ಅದರದೇ ಒಂದು ಬೋಲ್ಟ್ ಹಾಕಿದರು. ಕೊನೆಗೆ ಡಬ್ಬಿಯಿಂದ ಬಳೆಯಂಥ ಒಂದು ಕಪ್ಪು ಉಂಗುರ ತೆಗೆದು, ಫ್ಯಾನಿನ ಬುಡದಲ್ಲಿ ವೈರಿಗೆ ತೊಡಿಸಿದರು. "ಗಲಾಟೆ ಹೊರಗೆ ಬರದ ಹಾಗೆ ಇದು ಬಾಯಿ ಮುಚ್ಚುತ್ತೆ." ಒಂದೊಂದು ಕೆಲಸ ಆದ ಮೇಲೂ ಅಮ್ಮನಿಗೆ ರಿವರ್ಸ್ ಹಾಕಲು ಹೇಳಿ ನೋಡುತ್ತಿದ್ದರು. "ಒಂದು ಸಲಕ್ಕೆ ಒಂದೇ. ಎಲ್ಲ ಒಟ್ಟಿಗೆ ಮಾಡಿದ್ರೆ ಯಾವುದರಿಂದ ವಾಸಿ ಆಯ್ತು ಅಂತ ಗೊತ್ತಾಗಲ್ಲ."

ಗೆರೆ ಮೊದಲು ತೆಳ್ಳಗಾಯಿತು. ಆಮೇಲೆ ಎರಡೇ ಉಳಿದವು. ಉಂಗುರ ಹಾಕಿದ ಮೇಲೆ ಒಂದೂ ಇಲ್ಲ. ಫ್ಯಾನು ಮಾತ್ರ ಗಿರ್ರನೆ ತಿರುಗುತ್ತಲೇ ಇತ್ತು.

ಅಜ್ಜ ಹೋಗಿ ವ್ಯಾನಿನ ಹಿಂದೆ, ಬಲುದೂರದಲ್ಲಿ ನಿಂತರು. ಕೈ ಎತ್ತಿದರು. "ಎಷ್ಟು ಬೆರಳು?"

"ಮೂರು!" ಕೂಗಿದರು ಅಮ್ಮ.

"ಈಗ?"

ಅಮ್ಮ ಸ್ಕ್ರೀನ್ ನೋಡಿ ಕಿಸಕ್ಕನೆ ನಕ್ಕರು. "ಬೆರಳಿಲ್ಲ ಯಜಮಾನ್ರೇ. ನಾಲಿಗೆ ಒಳಗೆ ಹಾಕ್ಕೊಳ್ಳಿ!"

ಹೊರಡುವಾಗ ಮೆಣಸು ಪೆನ್ನು ತೆಗೆದು, ಬುಧವಾರದ 'ಇದೆ' ಹೊಡೆದು ಪಕ್ಕದಲ್ಲಿ 'ಇಲ್ಲ' ಅಂತ ಬರೆದಳು. ಅಜ್ಜ ಅದನ್ನೇ ನೋಡುತ್ತಾ ನಿಂತಿದ್ದರು.

"ಆ ಹಾಳೆ ನನಗೆ ಕೊಡ್ತೀಯಾ ಮಗಳೇ? ನಲವತ್ತು ವರ್ಷದಲ್ಲಿ ಯಾರೂ ನನಗೆ ಹೀಗೆ ಬರ್ಕೊಂಡು ಬಂದಿರಲಿಲ್ಲ. ನೀನು ಬರೆದಿದ್ದಕ್ಕೆ ಮೂರು ದಿನದ ಕೆಲಸ ಮೂರು ಗಂಟೇಲಿ ಮುಗೀತು."

ತಾನು ಥ್ಯಾಂಕ್ಸ್ ಹೇಳಬೇಕಾದ ಕಡೆ ಅಜ್ಜನೇ ಹೇಳುತ್ತಿದ್ದಾರಲ್ಲ ಅಂತ ಅವಳಿಗೆ ನಾಚಿಕೆಯಾಯಿತು. ಹಾಳೆಯನ್ನು ಜೋಪಾನವಾಗಿ ಕಿತ್ತು ಕೊಟ್ಟಳು.

ಸೋಮವಾರ ಹೆಡ್ ಮಿಸ್ ಸ್ಕ್ರೀನಿನ ಮುಂದೆ ಕೂತು ನೋಡಿದರು. ಬುಗುರಿಯ ತಲೆಯ ಹತ್ತಿರ ಫ್ಯಾನು ತಿರುಗುತ್ತಿತ್ತು. ವ್ಯಾನಿನ ಹಿಂದೆ ನಿಂತ ವಾಚ್‌ಮನ್ನನ ಅಂಗಿಯ ಗುಂಡಿಗಳು ಕಂಡವು. "ಒಂದು ಗುಂಡಿ ಇಲ್ಲ ಅವನಿಗೆ," ಎಂದು ಅವರು ನಕ್ಕರು. ಅಮ್ಮ ಅವತ್ತು ದಾರಿಯುದ್ದಕ್ಕೂ ಗುನುಗುತ್ತಿದ್ದರು.

ಬುಗುರಿಯ ಅಜ್ಜಿಗೆ ಸುದ್ದಿ ತಿಳಿದದ್ದು ರೇಡಿಯೋದಿಂದಲೇ. ಅವರು ಒಂದು ಚೀಲ ಸೀಬೆಹಣ್ಣು ಕೊಟ್ಟರು. "ಆ ಪುಣ್ಯಾತ್ಮನಿಗೆ ಕೊಡಿ. ನನ್ನ ಮಗು ನಗ್ತಾ ಸ್ಕೂಲಿಗೆ ಹೋಗ್ತಾ ಇದೆ."

ಅವತ್ತು ಸಂಜೆ ಮೆಣಸು ಚೀಲ ಹಿಡಿದು ಶೆಡ್ಡಿಗೆ ಹೋದಳು. ರೇಡಿಯೋ ಕರೆಯದೆಯೇ ಜೊತೆಗೆ ಬಂದ.

ಅಜ್ಜನ ಮುಖ ಅರಳಿತು. ಕನ್ನಡಕ ಮೂಗಿನ ಮೇಲೇ ಇತ್ತು. "ಬಾ ಬಾ. ನಿನ್ನ ಹಾಳೆ ನೋಡು, ಎಲ್ಲಿ ಹಾಕಿದ್ದೀನಿ!"

ವೈರುಗಳ ನಡುವೆ ಸ್ವಲ್ಪ ಜಾಗ ಮಾಡಿ, ಗೋಡೆಗೆ ಹಾಳೆಯನ್ನು ನಾಲ್ಕೂ ಮೂಲೆಗೆ ಅಂಟಿಸಿದ್ದರು. ನೆಟ್ಟಗೆ, ಒಂದು ಸುಕ್ಕೂ ಇಲ್ಲದ ಹಾಗೆ.

"ಬಂದವರಿಗೆಲ್ಲ ತೋರಿಸ್ತೀನಿ. ಮಂಗಳವಾರದಿಂದ ಶುಕ್ರವಾರದ ತನಕ ಬಾಯಿಪಾಠ ಹೇಳ್ತೀನಿ, ಬೇಕಾದ್ರೆ ಕೇಳು."

ಮೆಣಸು ಹತ್ತಿರ ಹೋದಳು. ಶುಕ್ರವಾರ ಮೇಲಿತ್ತು. ಮಂಗಳವಾರ ಕೆಳಗಿತ್ತು. ಅಕ್ಷರಗಳೆಲ್ಲ ತಲೆಕೆಳಗಾಗಿ ನಿಂತಿದ್ದವು.

ರೇಡಿಯೋ ಬಾಯಿ ತೆರೆದ. "ಅಜ್ಜಾ, ಇದು ಉಲ್..."

ಮೆಣಸು ಅವನ ಕಾಲು ತುಳಿದಳು. ಗಟ್ಟಿಯಾಗಿಯೇ ತುಳಿದಳು. ಹುಟ್ಟಿದಾಗಿನಿಂದ ಮೊದಲ ಸಲ ರೇಡಿಯೋ ಆಫ್ ಆಯಿತು.

ಶನಿವಾರ ಅಜ್ಜನ ಹಣೆಯ ಮೇಲೆ ಇದ್ದ ಕನ್ನಡಕ ಅವಳ ಕಣ್ಣ ಮುಂದೆ ಬಂತು. ಹಾಳೆಯನ್ನು ಸವರಿ ವಾಪಸ್ಸು ಕೊಟ್ಟ ಕೈ ಬಂತು. ತಟ್ಟೆಯಲ್ಲಿ ಸಾಲಾಗಿದ್ದ ಹನ್ನೆರಡು ಸ್ಕ್ರೂಗಳು ಬಂದವು. ಅಜ್ಜನಿಗೆ ಅವತ್ತು ಇದ್ದದ್ದು ಅವಳ ಬಾಯಿಯ ಮಾತು ಒಂದೇ.

"ಅಜ್ಜಾ," ಅಂದಳು. "ನಾನು ಇನ್ನೊಂದು ಸಲ ಓದ್ಲಾ?"

"ಓದು ಮಗಳೇ, ಓದು!" ಅಜ್ಜ ಸೀಬೆಹಣ್ಣಿನ ಚೀಲ ಮಡಿಲಲ್ಲಿ ಇಟ್ಟುಕೊಂಡು ಸ್ಟೂಲಿನ ಮೇಲೆ ಕೂತರು. ಕಣ್ಣು ಮುಚ್ಚಿದರು.

ಮೆಣಸು ಕತ್ತು ಓರೆ ಮಾಡಿ, ಕೆಳಗಿನಿಂದ ಮೇಲಕ್ಕೆ, ನಿಧಾನವಾಗಿ ಓದತೊಡಗಿದಳು. ಒಂದು ಮಾತೂ ಬಿಡಲಿಲ್ಲ. ಸವೆದು ತೆಳ್ಳಗಾದ ಜಾಗ ಬಂದಾಗ ಅದರ ಮೇಲೆ ಬೆರಳಿಟ್ಟಳು.

"ಬುಧವಾರ ಬೆಳಿಗ್ಗೆ," ಎಂದಳು. "ಇಲ್ಲ."

"ಹೂಂ," ಎಂದರು ಅಜ್ಜ, ಕಣ್ಣು ಮುಚ್ಚಿಕೊಂಡೇ.